ಮುದಿ ಎಮ್ಮೆ ಬಾಡು, ಹತ್ತು ನಿಮಿಷದ ನೂಡಲ್ಸು

ದನದ ಬಾಡು ಹಾಕಿ ನೂಡಲ್ಸು ಹುರಿಯೋದು ಹತ್ತು ನಿಮಿಷದ ಕೆಲಸ ಅಂತಾರೆ. ಎಳೇ ಬಾಡು ಸಿಕ್ಕಿದರೆ ತಾನೆ? 1964ರ ಕಾನೂನು 12 ವರ್ಷ ದಾಟಿದ ಎತ್ತನ್ನಾದರೂ ಕಡಿಯಲು ಬಿಟ್ಟಿತ್ತು. 2020ರ ಕಾನೂನು ಅದನ್ನೂ ಕಿತ್ತುಕೊಂಡಿತು. ಉಳಿಸಿದ್ದು 13 ದಾಟಿದ ಎಮ್ಮೆ, ಕೋಣ. ತಪ್ಪಿದರೆ 3ರಿಂದ 7 ವರ್ಷ ಜೈಲು! ನಮ್ಮ ಬಾಣಲೆಗೆ ಬೀಳುವ ಬಾಡಿನ ವಯಸ್ಸನ್ನೂ ವಿಧಾನಸೌಧವೇ ಬರೆಯಿತು. ನಮ್ಮನ್ನ ಯಾರು ಕೇಳಿದರು?

ಆದರೂ ಉಣ್ಣೋದು ಬಿಡಬೇಡಿ. ಮುದಿ ಬಾಡನ್ನು ಉಪ್ಪು, ಅರಿಶಿನ ಹಾಕಿ ದಪ್ಪ ತುಂಡಾಗಿಯೇ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಆರಿದ ಮೇಲೆ ಎಳೆಗೆ ಅಡ್ಡವಾಗಿ ತೆಳ್ಳಗೆ ಕೊಯ್ಯಿರಿ. ಎಣ್ಣೆ ಚೆನ್ನಾಗಿ ಕಾಯಲಿ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಈರುಳ್ಳಿ, ಬಾಡು, ಕೊನೆಗೆ ಬಸಿದ ನೂಡಲ್ಸು, ಸೋಯಾ ಸಾಸು. ಬಾಡು ಬೆಂದ ನೀರು ಚೆಲ್ಲಬೇಡಿ, ನಾಳೆಗೆ ಸಾರು. ಮತ್ತೆ, ರೂಮಿನ ಬಾಗಿಲು ಹಾಕ್ಕೋಬೇಡಿ. ಘಮಲು ವಾರ್ಡನ್ನರ ಮೂಗಿಗೂ ಹೋಗಲಿ.