ಮೇಷ್ಟ್ರನ್ನ ಕಿತ್ತುಕೊಂಡು ಮಕ್ಕಳಿಲ್ಲ ಅಂತೀರಾ?

ಬಂಡೂರು ಅಂದರೆ ಕುರಿ. ಗಿಡ್ಡ ಕಾಲು, ತುಂಬಿದ ಮೈ. ಉಂಡೆ ಕಟ್ಟಿ ಬಾಯಿಗಿಟ್ಟು ಸಾಕಿದ ತಳಿ. ಆ ತಳಿ ಕೆಡಬಾರದು ಅಂತ ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರವೇ ಸಂವರ್ಧನಾ ಕೇಂದ್ರ ಇಟ್ಟಿದೆ. ಇಡಲಿ, ಬೇಕಾದದ್ದೇ. ಆದರೆ ಕುರಿ ಕಾಯುವವರ ಮಕ್ಕಳ ಓದು ಕೆಡುತ್ತಿದೆಯಲ್ಲ, ಅದನ್ನು ಕಾಯುವವರು ಯಾರು?

ಹಳ್ಳಿ ಶಾಲೆ ತಾನಾಗಿ ಸಾಯುವುದಿಲ್ಲ. ಸಾಯಿಸುತ್ತಾರೆ. ಮೊದಲು ಒಬ್ಬ ಮೇಷ್ಟ್ರು ನಿವೃತ್ತರಾಗುತ್ತಾರೆ, ಜಾಗ ತುಂಬುವುದಿಲ್ಲ. ಉಳಿದವರ ತಲೆ ಮೇಲೆ ಮೂರು ತರಗತಿ, ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ. ಅಪ್ಪ ಅಮ್ಮ ಎಷ್ಟು ದಿನ ನೋಡಿಯಾರು? ಕಬ್ಬಿನ ದುಡ್ಡು ಬರುವ ಮೊದಲೇ ಸಾಲ ಮಾಡಿ ಮಗುವನ್ನು ಮದ್ದೂರಿನ, ಮಳವಳ್ಳಿಯ ಕಾನ್ವೆಂಟಿನ ಹಳದಿ ವ್ಯಾನು ಹತ್ತಿಸುತ್ತಾರೆ. ಆಮೇಲೆ ಸಾಹೇಬರು ಫೈಲು ತೆರೆದು ಬರೆಯುತ್ತಾರೆ: ಮಕ್ಕಳಿಲ್ಲ, ವಿಲೀನ ಮಾಡಿ.

ಮಕ್ಕಳಿಲ್ಲವೋ, ನೀವು ಓಡಿಸಿದಿರೋ?

ಮದ್ದೂರಿನ ಪಕ್ಕದ್ದೇ ಚನ್ನಪಟ್ಟಣ. ಅಲ್ಲಿನ ಹೊಂಗನೂರಿನ ಸರ್ಕಾರಿ ಕರ್ನಾಟಕ ಪಬ್ಲಿಕ್ ಶಾಲೆಗೆ ಸುತ್ತಲ 7 ಶಾಲೆಗಳನ್ನು ಸೇರಿಸಲು 2025ರಲ್ಲಿ ಹೊರಟರು. ಒಂದು ಕಿಲೋಮೀಟರ್ ಒಳಗೆ ಪ್ರಾಥಮಿಕ ಶಾಲೆ ಇರಬೇಕು ಅನ್ನುವ ಹಕ್ಕು ಎಲ್ಲಿ ಹೋಯಿತು? ಶಿಕ್ಷಣ ಹಕ್ಕು ಕಾಯ್ದೆ 2009ರದ್ದು. ಅಷ್ಟು ಬೇಗ ಮರೆತಿರಾ?

ರಾಜ್ಯದ ಶಾಲೆಗಳನ್ನು ಈಗ ಹೊತ್ತು ನಿಂತವರು 50 ಸಾವಿರದಷ್ಟು ಅತಿಥಿ ಶಿಕ್ಷಕರು. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 12 ಸಾವಿರ. ಬೇಸಿಗೆಯಲ್ಲಿ ಅದೂ ಇಲ್ಲ. ಪಾಠ ಹೇಳುವವರನ್ನು ಕೂಲಿಗಿಂತ ಕೀಳಾಗಿ ಕಂಡು, ಅತಿಥಿ ಅಂತ ಕರೆಯಲು ನಾಚಿಕೆ ಆಗಬೇಡವೇ?

ಇದ್ದ ಕಾಯಂ ಮೇಷ್ಟ್ರನ್ನೂ ಬಿಟ್ಟಿರಾ? 2025ರಲ್ಲಿ ಜಾತಿವಾರು ಸಮೀಕ್ಷೆಗೆ ಮನೆಮನೆ ಅಲೆಸಿದಿರಿ. ಅಕ್ಟೋಬರ್ 8ಕ್ಕೆ ಬಾಗಿಲು ತೆರೆಯಬೇಕಿದ್ದ ಶಾಲೆಗೆ 18ರವರೆಗೆ ರಜೆ ಕೊಟ್ಟಿರಿ.

ಫಲ ಕಣ್ಣೆದುರಿಗಿದೆ. 2022ರ ಅಸರ್ ಸಮೀಕ್ಷೆಯಲ್ಲಿ ರಾಜ್ಯದ ಮೂರನೇ ತರಗತಿಯ ಹತ್ತು ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಒಬ್ಬರೂ ಪೂರ್ತಿ ಸಿಗಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 2023ರಲ್ಲಿ ಶೇ. 83.89 ಪಾಸು. ಮರುವರ್ಷ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು. 73.40ಕ್ಕೆ ಕುಸಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. 2025ರ ಮೊದಲ ಪರೀಕ್ಷೆಯಲ್ಲಿ 62.34. ಆಗ ಏನು ಮಾಡಿದರು? ಮೇಷ್ಟ್ರನ್ನು ಕೊಟ್ಟರೇ? ಇಲ್ಲ. ಪಾಸಿನ ಗೆರೆಯನ್ನೇ 35ರಿಂದ 33ಕ್ಕೆ ಇಳಿಸಿದರು. ನಮ್ಮ ಮಗು ಬಾವಿಗೆ ಬಿದ್ದರೆ ಹಗ್ಗ ಬಿಡುವುದಿಲ್ಲ ಇವರು. ಬಾವಿ ಆಳವಿಲ್ಲ ಅಂತ ಬೋರ್ಡು ಬರೆಯುತ್ತಾರೆ.

ನಾವೇನು ಸಾಚಾಗಳೇ? ದೇವಸ್ಥಾನದ ಗೋಪುರಕ್ಕೆ ಊರೆಲ್ಲ ಸೇರಿ ಚಂದಾ ಎತ್ತುತ್ತೇವೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ನಾಲ್ಕು ಜನ ಬರುವುದಿಲ್ಲ. ಕಾವೇರಿ ನೀರಿಗೆ ಹೆದ್ದಾರಿ ತಡೆದ ಮಂಡ್ಯ ಜಿಲ್ಲೆ ನಮ್ಮದು. ಹಾಗೆ ಎದ್ದ ಜನ ಒಬ್ಬ ಮೇಷ್ಟ್ರಿಗಾಗಿ ಎಂದಾದರೂ ಎದ್ದೆವೇ?

ಶಾಲೆ ತೆರೆಯುವ ದಿನ ಮಗುವಿನ ಕೈ ಹಿಡಿದು ಬನ್ನಿ. ಎಷ್ಟು ಹುದ್ದೆ, ಎಷ್ಟು ಖಾಲಿ, ಯಾವಾಗ ತುಂಬುತ್ತೀರಿ ಅಂತ ಬರಹದಲ್ಲಿ ಕೇಳಿ. ಉತ್ತರ ಬರದಿದ್ದರೆ ಮಕ್ಕಳನ್ನೂ ಕರೆದುಕೊಂಡು ಬಿಇಒ ಕಚೇರಿಗೆ ಹೋಗಿ, ಅಲ್ಲೇ ಕೂತು ಪಾಠ ಮಾಡಿಸಿ ಅನ್ನಿ. ಮೇಷ್ಟ್ರು ಬರುವವರೆಗೆ ಏಳಬೇಡಿ.