ಕಿವಿ ಹಿಂಡುವ ಮುನ್ನ

ಈ ಅಂಕಣಕ್ಕೆ ಓದುಗರಿಂದ ಬರುವ ಪ್ರಶ್ನೆಗಳು ಬಹುಮಟ್ಟಿಗೆ ಅಡಿಗೆಮನೆಯವು. ಮಿಕ್ಸಿ ಏಕೆ ಕಾಯುತ್ತದೆ, ಗೀಸರಿನ ನೀರು ಏಕೆ ಕಾಯುವುದಿಲ್ಲ, ಇತ್ಯಾದಿ. ಈ ಸಲ ಮಾತ್ರ ತಮ್ಮನ್ನು ಮನೆಯಿಂದ ಹೊರಡಿಸಿ ಮುಂಬಯಿ ಬಂದರಿನ ನೀರಿನ ಮೇಲಕ್ಕೆ ಕರೆದೊಯ್ಯಬೇಕಾಗಿದೆ. ವಿಷಯ, ಲಾಂಚಿಗೆ ಕೂಡಿಸಿದ ಆಂಪ್ಲಿಫೈಯರಿನದು. ಇಲ್ಲಿ ಹೇಳುವ ಮಾತು ಕಾರಿನಲ್ಲಿ ಹಾಡು ಕೇಳುವವರಿಗೂ, ಸಂಘದ ಸಭೆಯಲ್ಲಿ ಮೈಕು ಹಿಡಿಯುವವರಿಗೂ ಸಲ್ಲುತ್ತದೆ. ಆದುದರಿಂದ ದೋಣಿಯಿಲ್ಲದವರು ಪುಟ ಮಗುಚಿಹಾಕಬೇಕಾಗಿಲ್ಲ.

೨೦೨೫ರ ಜನವರಿಯಲ್ಲಿ ನಾವು ನಾಲ್ಕಾರು ಮನೆಯವರು ಕೂಡಿ ಘಾರಾಪುರಿಗೆ, ಎಂದರೆ ಎಲಿಫೆಂಟಾ ದ್ವೀಪಕ್ಕೆ, ಹೋಗಿಬರುವುದೆಂದು ಗೊತ್ತುಮಾಡಿಕೊಂಡೆವು. ಗೇಟ್‌ವೇಯಿಂದ ಸುಮಾರು ಒಂದು ಗಂಟೆಯ ದಾರಿ. ಹಿಂದಿನ ತಿಂಗಳು, ೨೦೨೪ರ ಡಿಸೆಂಬರ್ ೧೮ರಂದು, ಅದೇ ದ್ವೀಪಕ್ಕೆ ಹೊರಟಿದ್ದ ಪ್ರಯಾಣಿಕರ ದೋಣಿಗೆ ನೌಕಾಪಡೆಯ ವೇಗದ ದೋಣಿಯೊಂದು ಡಿಕ್ಕಿ ಹೊಡೆದು ಹಲವರು ಪ್ರಾಣ ಕಳೆದುಕೊಂಡಿದ್ದರು. ಮನೆಯ ಹಿರಿಯರು ಹೊರಡಲು ಒಪ್ಪಿದುದೇ ಹೆಚ್ಚು. ಕುಂದಾಪುರದ ಕಡೆಯಿಂದ ಬಂದು ಇಲ್ಲಿಯೇ ನೆಲಸಿದ ಪರಿಚಯಸ್ಥರೊಬ್ಬರ ಲಾಂಚು ಗೊತ್ತಾಯಿತು.

ಲಾಂಚಿನ ಯಜಮಾನರು ಉತ್ಸಾಹಿಗಳು. ಎರಡು ವಾರದ ಹಿಂದಷ್ಟೇ ಹೊಸ ಆಂಪ್ಲಿಫೈಯರನ್ನೂ, ಆರೂವರೆ ಅಂಗುಲದ ನಾಲ್ಕು ಸ್ಪೀಕರುಗಳನ್ನೂ, ಒಂದು ಸಬ್‌ವೂಫರ್ ಪೆಟ್ಟಿಗೆಯನ್ನೂ ಕೂಡಿಸಿದ್ದರು. ದಡ ಬಿಡುತ್ತಲೇ ಹಾಡು ಮೊದಲಾಯಿತು. ಅದು ಹಾಡೆಂದು ನಾವು ತಿಳಿದದ್ದು ಊಹೆಯ ಬಲದಿಂದ. ಸ್ವಲ್ಪ ಹೊತ್ತಿಗೆ ಹಾಡು ನಿಂತಿತು. ತಾಂಡೇಲರು ಮೈಕು ಹಿಡಿದು ಏನನ್ನೋ ಹೇಳಿದರು. ಹಿಂದಿನ ಬೆಂಚಿನಲ್ಲಿ ಕುಳಿತ ನಮಗೆ ಕೇಳಿಸಿದ್ದು ಒಂದು ದೊಡ್ಡ ಗುಂಯ್‌ಕಾರ ಮತ್ತು ನಡುನಡುವೆ ಕರಕರ ಸದ್ದು. ಎಪ್ಪತ್ತು ದಾಟಿದ ನನ್ನ ಸೋದರತ್ತೆ, "ಕಾಫಿ ಕೊಡ್ತಾರಂತೇನೋ?" ಎಂದು ಚೀಲದಿಂದ ಲೋಟ ತೆಗೆದರು.

ತಾಂಡೇಲರು ಹೇಳಿದ್ದು ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಹೇಗೆ ಬಿಗಿಯಬೇಕೆಂಬುದನ್ನು. ಆಗ ಎಲ್ಲರೂ ನಕ್ಕೆವು. ರಾತ್ರಿ ಮನೆಗೆ ಬಂದು ಮಲಗಿದ ಮೇಲೆ ಅದು ನಗುವ ಸಂಗತಿಯೆಂದು ತೋರಲಿಲ್ಲ.

ಮುಂದಿನ ಭಾನುವಾರ ಮೀಟರು, ಸ್ಕ್ರೂಡ್ರೈವರು, ಒಂದು ಟಿಪ್ಪಣಿ ಪುಸ್ತಕ ಹಿಡಿದುಕೊಂಡು ಲಾಂಚಿಗೆ ಹೋದೆ. ಯಜಮಾನರು ಸಂತೋಷದಿಂದಲೇ ಮುಚ್ಚಳ ತೆಗೆದು ತೋರಿಸಿದರು. ಆಂಪ್ಲಿಫೈಯರಿಗೆ ಎಷ್ಟು ಕಿವಿಗಳಿದ್ದುವೋ ಅಷ್ಟನ್ನೂ ಕೊನೆಯವರೆಗೆ ಹಿಂಡಲಾಗಿತ್ತು.

"ದುಡ್ಡು ಪೂರಾ ಕೊಟ್ಟ ಮೇಲೆ ಅರ್ಧ ಯಾಕೆ ತಿರುಗಿಸುವುದು ಮಾರಾಯ್ರೇ?" ಎಂದರು.

ನ್ಯಾಯವಾದ ಪ್ರಶ್ನೆ. ಇಂಥ ಯಂತ್ರ ಕೊಂಡವರಲ್ಲಿ ಹೆಚ್ಚಿನವರು ಮಾಡುವುದೂ ಇದನ್ನೇ. ಆದುದರಿಂದ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

'ಗೇನ್' ಅಥವಾ 'ಇನ್‌ಪುಟ್ ಲೆವೆಲ್' ಎಂದು ಬರೆದ ತಿರುಪು ಸದ್ದನ್ನು ಹೆಚ್ಚಿಸುವುದಕ್ಕಾಗಿ ಇಟ್ಟದ್ದಲ್ಲ. ರೇಡಿಯೋದಿಂದ ಆಂಪ್ಲಿಫೈಯರಿಗೆ ಬರುವ ಸಂಕೇತ ಒಂದೊಂದು ರೇಡಿಯೋದಲ್ಲಿ ಒಂದೊಂದು ಪ್ರಮಾಣದ್ದು; ಕೆಲವಲ್ಲಿ ಎರಡು ವೋಲ್ಟ್, ಕೆಲವಲ್ಲಿ ನಾಲ್ಕು. 'ನನ್ನ ರೇಡಿಯೋ ಕೊಡಬಲ್ಲ ಪೂರ್ತಿ ಎಂದರೆ ಇಷ್ಟು' ಎಂದು ಆಂಪ್ಲಿಫೈಯರಿಗೆ ತಿಳಿಸುವುದು ಈ ತಿರುಪಿನ ಕೆಲಸ. ಆಂಪ್ಲಿಫೈಯರಿನ ಶಕ್ತಿ ಒಂದು ಕೊಡವೆಂದೂ, ರೇಡಿಯೋದ ವಾಲ್ಯೂಮ್ ಅದಕ್ಕೆ ನೀರು ಬಿಡುವ ನಲ್ಲಿಯೆಂದೂ ತಿಳಿಯಿರಿ. ಗೇನ್ ಎಂದರೆ ನಲ್ಲಿಯ ಬಾಯಿಯ ಅಗಲ. ಬಾಯಿಯನ್ನು ಹಿಗ್ಗಿಸಿದರೆ ಕೊಡ ದೊಡ್ಡದಾಗುವುದಿಲ್ಲ. ಬೇಗ ತುಂಬಿ ಚೆಲ್ಲುತ್ತದೆ. ಯಜಮಾನರ ಲಾಂಚಿನಲ್ಲಿ ವಾಲ್ಯೂಮ್ ಕಾಲುಭಾಗಕ್ಕೆ ಬರುವಷ್ಟರಲ್ಲಿ ಕೊಡ ತುಂಬಿಹೋಗಿತ್ತು. ಮೇಲೆ ತಿರುಗಿಸಿದ್ದೆಲ್ಲ ಚೆಲ್ಲಿದ ನೀರು.

ಚೆಲ್ಲಿದ ನೀರಾದರೆ ನೆಲ ಒದ್ದೆಯಾಗಿ ಮುಗಿಯುತ್ತಿತ್ತು. ಇಲ್ಲಿ ಹಾಗಲ್ಲ. ಆಂಪ್ಲಿಫೈಯರು ತನ್ನ ಮಿತಿ ಮುಟ್ಟಿದಾಗ ಧ್ವನಿಯ ಅಲೆಯ ದುಂಡನೆಯ ನೆತ್ತಿ ಕತ್ತರಿಸಿಹೋಗಿ ಚಪ್ಪಟೆಯಾಗುತ್ತದೆ. ನಮಗೆ ಕೇಳಿಸುವ ಕರಕರ ಅದೇ. ಪೂರ್ತಿ ಚಪ್ಪಟೆಯಾದ ಅಲೆಯಲ್ಲಿ, ಅಷ್ಟೇ ಎತ್ತರದ ದುಂಡನೆಯ ಅಲೆಯಲ್ಲಿರುವುದರ ಎರಡರಷ್ಟು ಶಕ್ತಿಯಿರುತ್ತದೆ. ಐವತ್ತು ವ್ಯಾಟಿನ ಆಂಪ್ಲಿಫೈಯರು ಹೀಗೆ ನೂರರ ಸಮೀಪಕ್ಕೆ ಹೋದೀತು. ಆ ಹೆಚ್ಚಳ ಕಿವಿಗೆ ಇಂಪಾಗಿ ಬರುವುದಿಲ್ಲ. ಸ್ಪೀಕರಿನೊಳಗಿನ ಸಣ್ಣ ತಂತಿಯ ಸುರುಳಿಯನ್ನು ಕಾಯಿಸುತ್ತದೆ, ಕಡೆಗೆ ಸುಡುತ್ತದೆ.

ಎರಡನೆಯ ಕಿವಿ 'ಕ್ರಾಸ್‌ಓವರ್'. ಕಚೇರಿಯ ಕೆಲಸ ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಬೆಳಿಗ್ಗೆ ಬಂದ ಟಪಾಲನ್ನೆಲ್ಲ ಎಲ್ಲ ಮೇಜುಗಳಿಗೂ ಹಂಚಿದರೆ ಏನಾದೀತು? ಯಾರ ಕೆಲಸವೂ ಸಾಗದು. ವಿಷಯ ನೋಡಿ ಅವರವರ ಮೇಜಿಗೆ ಕಳುಹಿಸುವವನೊಬ್ಬ ಬೇಕು. ಕ್ರಾಸ್‌ಓವರ್ ಆ ಗುಮಾಸ್ತ. ಹೈ ಪಾಸ್ ಎಂಬ ಶೋಧಕ ಮೇಲಿನ ಸ್ವರಗಳನ್ನು ಬಿಟ್ಟು ಕೆಳಗಿನವನ್ನು ತಡೆಯುತ್ತದೆ. ಲೋ ಪಾಸ್ ಇದಕ್ಕೆ ತಿರುಗುಮುರುಗು. ನಾಲ್ಕು ಸಣ್ಣ ಸ್ಪೀಕರುಗಳಿಗೆ ಹೈ ಪಾಸ್, ಪೆಟ್ಟಿಗೆಗೆ ಲೋ ಪಾಸ್ ಎಂಬುದು ಕ್ರಮ. ಯಜಮಾನರು ನಾಲ್ಕಕ್ಕೂ 'ಫುಲ್' ಎಂಬ ಕಡೆಗೆ ಗುಂಡಿ ಸರಿಸಿದ್ದರು. ಆ ಶಬ್ದವೂ ಅವರಿಗೆ ಹಿಡಿಸುವಂಥದೇ ಅಲ್ಲವೆ?

ಸಣ್ಣ ಸ್ಪೀಕರಿಗೆ ಕೆಳಸ್ವರ ಏಕೆ ಭಾರ? ಒಂದೇ ಗಟ್ಟಿತನದ ಸದ್ದು ಹೊರಡಿಸಬೇಕಾದರೆ, ಸ್ವರದ ಕಂಪನಸಂಖ್ಯೆ ಅರ್ಧಕ್ಕಿಳಿದಾಗ ಸ್ಪೀಕರಿನ ಪೊರೆ ನಾಲ್ಕರಷ್ಟು ದೂರ ಹಿಂದುಮುಂದಾಗಬೇಕು. ನೂರು ಹರ್ಟ್ಸಿನಲ್ಲಿ ಒಂದು ಮಿಲಿಮೀಟರು ಆಡುವ ಪೊರೆ ಐವತ್ತರಲ್ಲಿ ನಾಲ್ಕು ಆಡಬೇಕು, ಇಪ್ಪತ್ತೈದರಲ್ಲಿ ಹದಿನಾರು. ಆರೂವರೆ ಅಂಗುಲದ ಬಡಪಾಯಿಗೆ ಅಷ್ಟು ಜಾಗವೇ ಇರುವುದಿಲ್ಲ. ಸಾಲದುದಕ್ಕೆ 'ಬಾಸ್ ಬೂಸ್ಟ್' ಎಂಬ ಮೂರನೆಯ ಕಿವಿಯೂ ಉಂಟು. ಅದನ್ನು ಹನ್ನೆರಡು ಡೆಸಿಬೆಲ್ಲಿಗೆ ತಿರುಗಿಸಿದರೆ ಆ ಸ್ವರಕ್ಕೆ ಹದಿನಾರರಷ್ಟು ಶಕ್ತಿ ಬೇಕಾಗುತ್ತದೆ. ಅಷ್ಟನ್ನು ಎಲ್ಲಿಂದ ತರುವುದು?

ಲಾಂಚಿನಲ್ಲಿ ಜನ ಈ ಮೂರನ್ನೂ ಹಿಂಡುವುದಕ್ಕೆ ಕಾರಣವಿಲ್ಲದಿಲ್ಲ. ಮನೆಯಲ್ಲಿ ನಾಲ್ಕು ಗೋಡೆ ಕೆಳಸ್ವರವನ್ನು ಹಿಡಿದಿಟ್ಟು ನಮಗೆ ಮರಳಿ ಕೊಡುತ್ತವೆ. ನೀರಿನ ಮೇಲೆ ಗೋಡೆಯೆಲ್ಲಿ? ಸದ್ದು ಹೊರಟದ್ದೇ ದಿಕ್ಕುಪಾಲಾಗುತ್ತದೆ. ಮೇಲಾಗಿ ಎಂಜಿನ್ನಿನ ಮೊರೆತವೂ ಕೆಳಸ್ವರದ್ದೇ ಆದುದರಿಂದ ಹಾಡಿನ ಕೆಳಸ್ವರವನ್ನು ಅದು ನುಂಗಿಬಿಡುತ್ತದೆ. ಕೇಳಿಸದೆಂದು ತಿರುಗಿಸುತ್ತೇವೆ, ತಿರುಗಿಸಿದಂತೆ ಕೇಳಬೇಕಾದ ಬೇರೆಯದೂ ಕೆಡುತ್ತದೆ.

ಕೇಳಬೇಕಾದ ಬೇರೆಯದು ಎಂದರೆ ಮನುಷ್ಯನ ಮಾತು. ಹಳೆಯ ಟೆಲಿಫೋನು ಮುನ್ನೂರು ಹರ್ಟ್ಸಿನಿಂದ ಮೂರು ಸಾವಿರದ ನಾನೂರರವರೆಗಿನ ಸ್ವರಗಳನ್ನಷ್ಟೇ ಒಯ್ಯುತ್ತಿತ್ತು. ಆ ಕಿರಿದಾದ ಓಣಿಯಲ್ಲಿಯೇ ನಾವು ಊರಿನ ಕ್ಷೇಮಸಮಾಚಾರವನ್ನೆಲ್ಲ ಕೇಳಿದೆವು. ಒಂದು ಮಾತೂ ತಪ್ಪಲಿಲ್ಲ. ಸ್ವರಾಕ್ಷರಗಳ ದಪ್ಪ ಕೆಳಗಿನಿಂದ ಬರುವುದಾದರೂ, ಕ, ತ, ಸ, ಶ ಎಂಬ ವ್ಯಂಜನಗಳ ಗುರುತು ಬಹುಮಟ್ಟಿಗೆ ಸಾವಿರ ಹರ್ಟ್ಸಿನಿಂದ ಮೇಲಿರುತ್ತದೆ. ವ್ಯಂಜನ ಹೋದರೆ ಮಾತು ಹೋಯಿತು; ಉಳಿಯುವುದು ಗುಂಯ್‌ಕಾರ. ನೂರು ಹರ್ಟ್ಸಿಗಿಂತ ಕೆಳಗಿನದನ್ನು ಸಣ್ಣ ಸ್ಪೀಕರುಗಳಿಂದ ತೆಗೆದುಹಾಕಿದರೆ ಮಾತಿಗೆ ನಷ್ಟವೇನೂ ಇಲ್ಲ. ಸ್ಪೀಕರಿಗೆ ಮಾತ್ರ ಉಸಿರಾಡಲು ಎಡೆಯಾಗುತ್ತದೆ.

ಇನ್ನು ನಾವು ಮಾಡಿದ ಕೆಲಸ. ಮೊದಲು ರೇಡಿಯೋದ ಬಾಸ್, ಟ್ರೆಬಲ್ ಎಲ್ಲವನ್ನೂ ಸೊನ್ನೆಗೆ ತಂದೆವು, ಬೂಸ್ಟನ್ನು ಆರಿಸಿದೆವು. ನಾಲ್ಕು ಸ್ಪೀಕರುಗಳಿಗೆ ಹೈ ಪಾಸ್ ನೂರು ಹರ್ಟ್ಸ್, ಪೆಟ್ಟಿಗೆಗೆ ಲೋ ಪಾಸ್ ಎಂಬತ್ತು. ಆಮೇಲೆ ಸ್ಪೀಕರಿನ ತಂತಿಗಳನ್ನು ಕಳಚಿ, ಗೇನ್ ತಿರುಪುಗಳನ್ನು ಕನಿಷ್ಠಕ್ಕೆ ಇಳಿಸಿ, ರೇಡಿಯೋದ ನಲವತ್ತು ಮೆಟ್ಟಿಲ ವಾಲ್ಯೂಮನ್ನು ಮೂವತ್ತಕ್ಕೆ ನಿಲ್ಲಿಸಿ, ಪೆನ್‌ಡ್ರೈವಿನಿಂದ ಒಂದೇ ಸ್ವರದ ಪರೀಕ್ಷಾ ಧ್ವನಿ ಹಚ್ಚಿದೆವು. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಆಂಪ್ಲಿಫೈಯರಿನ ಹೊರಬಾಯಿಗೆ ಹಿಡಿಯಬೇಕು. ಎಷ್ಟು ವೋಲ್ಟ್ ಬರಬೇಕೆಂಬ ಲೆಕ್ಕ ಸುಲಭ: ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆಯುವುದು. ಐವತ್ತು ವ್ಯಾಟ್, ನಾಲ್ಕು ಓಮ್, ಗುಣಿಸಿದರೆ ೨೦೦, ಮೂಲ ೧೪.೧. ಪೆಟ್ಟಿಗೆಗೆ ಇನ್ನೂರು ವ್ಯಾಟ್, ನಾಲ್ಕು ಓಮ್. ೮೦೦ರ ಮೂಲ ೨೮.೩. ಇದು ಮೇಲಿನ ಗೆರೆ. ಅಲ್ಲಿಯವರೆಗೆ ಹೋಗದೆ, ಹದಿಮೂರು ಮತ್ತು ಇಪ್ಪತ್ತೈದಕ್ಕೆ ನಿಲ್ಲಿಸುವುದೆಂದು ಬರೆದುಕೊಂಡೆ. ಹದಿನಾಲ್ಕರಿಂದ ಹದಿಮೂರಕ್ಕೆ ಇಳಿಸಿದರೆ ಕಿವಿಗೆ ಒಂದು ಡೆಸಿಬೆಲ್ಲಿನ ವ್ಯತ್ಯಾಸವೂ ಆಗುವುದಿಲ್ಲ.

ಇಲ್ಲಿ ನನ್ನ ಪಾಂಡಿತ್ಯದ ಪರೀಕ್ಷೆಯಾಯಿತು. ನಾನು ಹಚ್ಚಿದ್ದು ಐವತ್ತು ಹರ್ಟ್ಸಿನ ಸ್ವರ. ಮೀಟರು ಮೇಲೇಳಲೊಲ್ಲದು. ತಿರುಗಿಸಿದೆ, ಇನ್ನೂ ತಿರುಗಿಸಿದೆ. ಹದಿಮೂರು ಬರುವಷ್ಟರಲ್ಲಿ ತಿರುಪು ಕೊನೆಯ ಹತ್ತಿರ ಬಂದಿತ್ತು. ತಂತಿ ಕೂಡಿಸಿ ಹಾಡು ಹಚ್ಚಿದರೆ ಮತ್ತದೇ ಕರಕರ! ಯಜಮಾನರು ನನ್ನ ಮುಖ ನೋಡಿದರು.

"ನೀವೂ ನನ್ನ ಹಾಗೇ ಪೂರಾ ತಿರುಗಿಸಿದಿರಲ್ಲ ಮಾರಾಯ್ರೇ!"

ಬೆಂಚಿನ ಮೇಲೆ ಕುಳಿತು ಯೋಚಿಸಿದ ಮೇಲೆ ತಪ್ಪು ಹೊಳೆಯಿತು. ನೂರು ಹರ್ಟ್ಸಿಗೆ ಕೆಳಗಿನದನ್ನು ತಡೆಯೆಂದು ಶೋಧಕವನ್ನು ಬಾಗಿಲಲ್ಲಿ ನಿಲ್ಲಿಸಿದವನು ನಾನೇ. ಐವತ್ತರ ಸ್ವರವನ್ನು ಒಳಗೆ ಕಳುಹಿಸಿ ಅದೇಕೆ ಪೂರ್ತಿ ಬರಲಿಲ್ಲವೆಂದು ಕೇಳುತ್ತಿರುವವನೂ ನಾನೇ. ಸಾಮಾನ್ಯವಾಗಿ ಇಂಥ ಆಂಪ್ಲಿಫೈಯರುಗಳಲ್ಲಿರುವ ಹನ್ನೆರಡು ಡೆಸಿಬೆಲ್ಲಿನ ಶೋಧಕ, ನೂರಕ್ಕೆ ನಿಲ್ಲಿಸಿದಾಗ ಐವತ್ತರ ಸ್ವರದ ನಾಲ್ಕರಲ್ಲೊಂದು ಪಾಲು ವೋಲ್ಟನ್ನಷ್ಟೇ ಬಿಡುತ್ತದೆ. ಆ ಕೊರತೆ ತುಂಬಲು ನಾನು ಗೇನನ್ನು ನಾಲ್ಕರಷ್ಟು ಏರಿಸಿಬಿಟ್ಟಿದ್ದೆ. ಸಣ್ಣ ಸ್ಪೀಕರುಗಳಿಗೆ ಸಾವಿರ ಹರ್ಟ್ಸಿನ ಸ್ವರ, ಪೆಟ್ಟಿಗೆಗೆ ಐವತ್ತರದು. ಯಾವ ಮೇಜಿನ ಕೆಲಸವೋ ಆ ಮೇಜಿನ ಕಾಗದದಿಂದಲೇ ಪರೀಕ್ಷೆ ಮಾಡಬೇಕು. ಮತ್ತೆ ತಂತಿ ಕಳಚಿ, ತಿರುಪು ಇಳಿಸಿ, ಮೊದಲಿನಿಂದ ನಡೆಸಿದೆವು. ಈ ಸಲ ತಿರುಪು ಕಾಲು ಸುತ್ತಿಗಿಂತ ತುಸು ಮುಂದೆ ಹೋದಾಗಲೇ ಹದಿಮೂರು ಬಂದಿತು.

ಮೈಕು ಸಣ್ಣದೊಂದು ಮಿಕ್ಸರಿನ ಮೂಲಕ ರೇಡಿಯೋಗೆ ಸೇರಿತ್ತು. ಮಿಕ್ಸರಿನಲ್ಲಿ 'ಲೋ ಕಟ್' ಎಂಬ ಗುಂಡಿಯಿತ್ತು, ಯಾರೂ ಒತ್ತಿರಲಿಲ್ಲ. ಒತ್ತಿದೊಡನೆ ತಾಂಡೇಲರ ಉಸಿರೂ, ಗಾಳಿಯ ಬಡಿತವೂ ಪೆಟ್ಟಿಗೆಗೆ ಹೋಗಿ ಗುಡುಗುವುದು ನಿಂತಿತು. ಹಾಡಿಗಿಂತ ಮಾತು ಸಣ್ಣಗೆ ಕೇಳಿದರೆ ಮೈಕಿನ ಮಟ್ಟವನ್ನು ಮಿಕ್ಸರಿನಲ್ಲಿಯೇ ಏರಿಸಬೇಕು. ಆಂಪ್ಲಿಫೈಯರಿನ ಕಿವಿಗೆ ಮತ್ತೆ ಕೈಹಾಕಬಾರದು. ಕಡೆಯ ಪರೀಕ್ಷೆ ಎಂಜಿನ್ ಓಡುತ್ತಿರುವಾಗ, ಹಿಂದಿನ ಬೆಂಚಿನಲ್ಲಿ ಕುಳಿತು. ಎಂಜಿನ್ ನಿಲ್ಲಿಸಿ ಮುಂದೆ ಕುಳಿತು ಒಪ್ಪಿಗೆ ಕೊಟ್ಟರೆ ಅದು ದಡದ ಮೇಲಿನ ಈಜು.

ಎರಡು ಮಾತು ಬಾಕಿ. ಆಂಪ್ಲಿಫೈಯರಿನ ಮೇಲೆ 'ಮರೀನ್' ಎಂದು ಬರೆದಿರುವುದರ ಅರ್ಥ, ಒಳಗಿನ ಫಲಕಕ್ಕೆ ತೇವವೂ ಉಪ್ಪೂ ತಾಗದಂತೆ ಲೇಪನವಿದೆ ಎಂದು, ನೀರಿನಲ್ಲಿ ಮುಳುಗಿಸಬಹುದೆಂದಲ್ಲ. ತವರದ ಲೇಪನವಿರುವ ತಾಮ್ರದ ತಂತಿಯನ್ನೇ ಎಳೆಯಬೇಕು. ಬ್ಯಾಟರಿಯ ಹತ್ತಿರವೇ ಫ್ಯೂಸಿರಬೇಕು. ಎರಡನೆಯದಾಗಿ, ಹಾಡಿನ ಬ್ಯಾಟರಿ ಬೇರೆ, ಎಂಜಿನ್ ಹೊರಡಿಸುವ ಬ್ಯಾಟರಿ ಬೇರೆ ಇರಬೇಕು. ಲಂಗರು ಹಾಕಿ ಹಾಡು ಕೇಳುತ್ತ ಕುಳಿತು, ಕತ್ತಲಾದಾಗ ಎಂಜಿನ್ ಹೊರಡದಿದ್ದರೆ ಯಾವ ರಾಗವೂ ದಡಕ್ಕೆ ಮುಟ್ಟಿಸದು.

ಅತ್ತೆ ಊರಿಗೆ ಮರಳುವ ಮುನ್ನ ಫೆಬ್ರವರಿಯಲ್ಲಿ ಅದೇ ಲಾಂಚಿನಲ್ಲಿ ಮತ್ತೊಮ್ಮೆ ಹೋದೆವು. ರೇಡಿಯೋ ಹದಿನೆಂಟರಲ್ಲಿತ್ತು, ಹಾಡು ಹಾಡಾಗಿಯೇ ಕೇಳಿಸುತ್ತಿತ್ತು. ತಾಂಡೇಲರು ಮೈಕು ಹಿಡಿದು ಪಟ್ಟಿ ಬಿಗಿಯುವ ಬಗೆಯನ್ನು ಒಂದೇ ಸಲ ಹೇಳಿದರು. ನಾನು ಸ್ಪೀಕರುಗಳ ಕಡೆ ಹೆಮ್ಮೆಯಿಂದ ನೋಡುತ್ತ ಕುಳಿತಿದ್ದೆ. ಅತ್ತೆ ತಮ್ಮ ಪಟ್ಟಿ ಬಿಗಿದುಕೊಂಡು, ಬಗ್ಗಿ ನನ್ನದನ್ನೂ ಎಳೆದು ಬಿಗಿದರು.

"ಅವರು ಅಷ್ಟು ಹೇಳಿದ್ದು ಕೇಳಿಸಲಿಲ್ವೇನೋ ನಿನಗೆ?" ಎಂದರು.

ಮುಂದಿನ ಸಂಚಿಕೆಯಲ್ಲಿ ಮನೆಯ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕುವ ವಿಚಾರ.