ಕಾಂಟೆಸ್ಸಾಕ್ಕೆ ಹೊಸ ಎಂಜಿನ್ನೇ? ಕೊಂಚ ತಾಳಿ

ಹೂಲಿಯ ಪಂಚಲಿಂಗೇಶ್ವರ ಗುಡಿಯ ಜೀರ್ಣೋದ್ಧಾರಕ್ಕೆ ಬಂದವರು ಸಿಮೆಂಟಿನ ಕಂಬ ನಿಲ್ಲಿಸಿದರೆ ಊರು ಒಪ್ಪೀತೇ? ಖಂಡಿತ ಇಲ್ಲ. ಸರಿ, ಅದೇ ಊರಿನ ಯಾರದೋ ಹಿತ್ತಲಲ್ಲಿ ಹೊಟ್ಟಿನ ಚೀಲಗಳ ಹಿಂದೆ ಅಜ್ಜನ ಕಾಲದ ಕಾಂಟೆಸ್ಸಾ ಕಾರೊಂದು ನಿಂತಿದೆ ಎನ್ನೋಣ. ಮೊಮ್ಮಗನಿಗೆ ಅದನ್ನು ಓಡಿಸುವ ಆಸೆ. ಬೇರೆ ಎಂಜಿನ್ ಕೂರಿಸಬಹುದೇ?

ಇಲ್ಲಿ ಉತ್ತರ ಅಷ್ಟು ಸುಲಭವಲ್ಲ. ಏಕೆಂದರೆ ಈ ಕಾರಿನ ಎಂಜಿನ್ ಬದಲಿಸಿದ ಮೊದಲಿಗರು ಅದನ್ನು ತಯಾರಿಸಿದವರೇ!

ಅಮೆರಿಕದಲ್ಲಿ 1964ರಲ್ಲಿ ಪಾಂಟಿಯಾಕ್ ಕಂಪನಿ ಮಧ್ಯಮ ಗಾತ್ರದ ಕಾರಿಗೆ 6.4 ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಇಟ್ಟು ಜಿಟಿಒ ಮಾಡಿತು. 'ಮಸಲ್ ಕಾರ್' ಎಂಬ ಮಾತು ಮನೆಮಾತಾದದ್ದು ಇಂಥ ಕಾರುಗಳಿಂದ. ನಮ್ಮಲ್ಲಿ ಆ ಹೆಸರು ಸಿಕ್ಕಿದ್ದು ಕಾಂಟೆಸ್ಸಾಕ್ಕೆ. ಬ್ರಿಟನ್ನಿನ ವಾಕ್ಸ್‌ಹಾಲ್ ಕಾರಿನ ಮಾದರಿಯಲ್ಲಿ ಹಿಂದೂಸ್ಥಾನ್ ಮೋಟಾರ್ಸ್ 1984ರಲ್ಲಿ ಅದನ್ನು ತಂದಿತು. ನೋಟ ಪೈಲ್ವಾನನದು, ಒಳಗಿದ್ದದ್ದು ಮಾತ್ರ ಅಂಬಾಸಡರ್‌ನ 1,489 ಸಿಸಿ ಎಂಜಿನ್. ಶಕ್ತಿ ಸುಮಾರು 50 ಅಶ್ವಶಕ್ತಿ. ಕೊರತೆ ನೀಗಿಸಲು ಕಂಪನಿಯೇ ಮುಂದೆ ಜಪಾನಿನ ಇಸುಜು ವಿನ್ಯಾಸದ 1.8 ಲೀಟರ್ ಎಂಜಿನ್, ಐದು ಗೇರಿನ ಪೆಟ್ಟಿಗೆ ಜೋಡಿಸಿತು. ಕಾಂಟೆಸ್ಸಾ ಉತ್ಪಾದನೆ 2002ರಲ್ಲಿ ನಿಂತಿತು.

ಹಳೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವುದು ನಮ್ಮ ಕಡೆಯ ಮಿಸ್ತ್ರಿಗಳಿಗೆ ಹೊಸ ವಿದ್ಯೆಯೇನಲ್ಲ. ಆದರೆ ಗುಜರಿಯಲ್ಲಿ ಸಿಕ್ಕ ಎಂಜಿನ್ನೆಲ್ಲ ಇಲ್ಲಿ ಒಗ್ಗದು. ಕಾಂಟೆಸ್ಸಾದಲ್ಲಿ ಎಂಜಿನ್ ಉದ್ದಕ್ಕೆ ಕೂರುತ್ತದೆ, ಹಿಂದಿನ ಗಾಲಿಗಳನ್ನು ತಿರುಗಿಸುತ್ತದೆ. ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ ಅಡ್ಡಡ್ಡ, ತಿರುಗುವುದು ಮುಂದಿನ ಗಾಲಿ. ಆದ್ದರಿಂದ ಇಸುಜು ಎಂಜಿನ್ನನ್ನು ಅದರದೇ ಗೇರುಪೆಟ್ಟಿಗೆಯೊಡನೆ ಹುಡುಕುವುದೇ ಲೇಸು. ಆಗಲೂ ಎಂಜಿನ್ ಕೂರುವ ಆಸರೆಗಳು, ಪ್ರೊಪೆಲ್ಲರ್ ಶಾಫ್ಟಿನ ಅಳತೆ, ರೇಡಿಯೇಟರ್, ವೈರಿಂಗ್ ಎಲ್ಲವನ್ನೂ ನೋಡಿಕೊಳ್ಳಬೇಕು.

ಕೆಲಸದ ಕ್ರಮವೂ ಮುಖ್ಯ. ಮೊದಲು ತಗಡು. ನೆಲದ ಹಲಗೆ, ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಷನ್ ಹಿಡಿದಿರುವ ಜಾಗ ತುಕ್ಕು ತಿಂದಿದ್ದರೆ ಎಂಜಿನ್ ಮಾತೇ ಬೇಡ. ಆಮೇಲೆ ಬ್ರೇಕು, ಸ್ಟಿಯರಿಂಗು. ವೇಗ ಹೆಚ್ಚಿಸುವ ಮುನ್ನ ನಿಲ್ಲಿಸುವ ದಾರಿ ಕಾಣಬೇಕಲ್ಲ! ಎಂಜಿನ್ನಿನ ಸರದಿ ಮೂರನೆಯದು. ಬಣ್ಣ ಎಲ್ಲಕ್ಕಿಂತ ಕೊನೆಗೆ. ನಮ್ಮವರು ಬಣ್ಣದಿಂದ ಶುರುಮಾಡಿ ಅರ್ಧಕ್ಕೇ ಕಿಸೆ ಬರಿದು ಮಾಡಿಕೊಳ್ಳುವುದೇ ಹೆಚ್ಚು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಎಂಜಿನ್ ಕೊಳ್ಳುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ಲಿಖಿತ ಒಪ್ಪಿಗೆ ಪಡೆಯಿರಿ. ಎಂಜಿನ್ನಿನ ಮೂಲ ಕಾಗದ, ರಸೀದಿ ಇಲ್ಲದಿದ್ದರೆ ಅಗ್ಗವೆಂದು ಮುಟ್ಟಬೇಡಿ, ಕದ್ದ ಮಾಲಾಗಿರಬಹುದು. ವಿಮಾ ಕಂಪನಿಗೂ ತಿಳಿಸಿ. ಆರ್‌ಸಿಯಲ್ಲಿ ಒಂದು ಎಂಜಿನ್ ನಂಬರು, ಬಾನೆಟ್ಟಿನೊಳಗೆ ಇನ್ನೊಂದು ಇದ್ದರೆ ಅಪಘಾತದ ದಿನ ಪರಿಹಾರಕ್ಕೆ ತಕರಾರು ಏಳುತ್ತದೆ.

ಇನ್ನೊಂದು ಮಾತು. 2021ರ ನಿಯಮಗಳ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನ ಮಾತ್ರ 'ವಿಂಟೇಜ್'. ಅತ್ಯಂತ ಹಳೆಯ ಕಾಂಟೆಸ್ಸಾಕ್ಕೂ ಆ ಯೋಗ 2034ಕ್ಕೆ ಮೊದಲಿಲ್ಲ. ಆಗ ಕಳಚಿಟ್ಟ ಹಳೆಯ ಎಂಜಿನ್ನೇ ಬೇಕಾದೀತು. ಆದ್ದರಿಂದ ಅದನ್ನು ತೂಕಕ್ಕೆ ಮಾರಬೇಡಿ. ಎಣ್ಣೆ ಸವರಿ, ತಾಡಪತ್ರಿ ಸುತ್ತಿ, ಅಟ್ಟಣಿಗೆಯ ಮೇಲಿಟ್ಟ ಹಲಗೆಯಷ್ಟೇ ಜೋಪಾನವಾಗಿ ಒಣ ಜಾಗದಲ್ಲಿಡಿ.